ಗೆಲ್ಲುತ್ತಿದ್ದ ಸಮ್ಹಾ

ದುಬೈ, ಶುಕ್ರವಾರ

ಅಕ್ಕಾ,

ನಮ್ಮ ಒಂಟೆ ಸಮ್ಹಾ ಸೋತಳು, ಅದೂ ಎಲ್ಲರಿಗಿಂತ ಮುಂದಿದ್ದು! ಅವಳ ಬೆನ್ನೇರಿದ್ದ ಯಂತ್ರದ ಸವಾರನಲ್ಲಿ ಸ್ಪೀಕರ್ ಇತ್ತಲ್ಲ, ಪಕ್ಕದಲ್ಲಿ ಓಡುವ ಕಾರಿನಿಂದ ಕೈ-ರೇಡಿಯೋ ಹಿಡಿದು ಅದರ ಮೂಲಕ "ಓಡು, ಓಡು" ಎಂದು ಕೂಗಿ ಕೂಗಿ ಅಪ್ಪನ ಗಂಟಲು ಕಟ್ಟಿತು. ರೇಡಿಯೋ ಅಮ್ಮನ ಕೈಗೆ ಬಂತು.

"ಸಾಕು ಕಣೇ ಮಗಳೇ, ಎಷ್ಟು ಓಡ್ತೀಯ? ಬಾ, ಖರ್ಜೂರ ತಿನ್ನು" ಎಂದುಬಿಟ್ಟಳು.

ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿದವಳ ದನಿ! ಸಮ್ಹಾ ಗಕ್ಕನೆ ನಿಂತು, ಬೇಲಿಯಾಚೆಯಿಂದ ಕತ್ತು ಚಾಚಿ ಕಾರಿನ ಕಿಟಕಿಯೊಳಗೆ ಬಾಯಿ ಹಾಕಿದಳು. ಉಳಿದ ಒಂಟೆಗಳು ಧೂಳೆಬ್ಬಿಸಿಕೊಂಡು ಹೋದವು.

"ಏನ್ ಮಾಡ್ದೆ ಮಾರಾಯ್ತಿ! ಗೆದ್ದಿದ್ರೆ ಬೆಲೆ ಕೇಳಿದ್ದ ಆ ಶೇಖ್ ಇವತ್ತೇ ಇವಳನ್ನ ಕೊಂಡ್ಕೋತಿದ್ರು!" ಎಂದು ಅಪ್ಪ ಹಣೆ ಚಚ್ಚಿಕೊಂಡ.

"ಹೌದಾ? ನಂಗೇನ್ರೀ ಗೊತ್ತು, ಮರಳುಗಾಡಿನ ಹೆಂಗಸು" ಎಂದಳು ಅಮ್ಮ, ಶಾಲಿನ ತುದಿಯಿಂದ ಸಮ್ಹಾಳ ಬಾಯಿ ಒರೆಸುತ್ತ.

ಇವತ್ತೇ ಊರಿಗೆ ಹೊರಟ ಲಾರಿಯವನ ಕೈಲಿ ಇದನ್ನು ಕಳಿಸುತ್ತಿದ್ದೇನೆ, ನಾವು ನಾಳೆ ಹೊರಡುತ್ತೇವೆ. ಅಪ್ಪನ ಗಂಟಲಿಗೆ ಶುಂಠಿ ಹಾಕಿದ ಕಾಫಿ ಕಾಯಿಸಿಡು, ಸಮ್ಹಾಳ ಕೊಟ್ಟಿಗೆ ಗುಡಿಸಿಡು. ಈ ಕಾರ್ಡ್ ಮಾತ್ರ ಅಪ್ಪನ ಕೈಗೆ ಸಿಗದಂತೆ ಬಚ್ಚಿಡು. ಅಮ್ಮನ ಮಡಿಲಲ್ಲಿದ್ದ ಬಟ್ಟಲು ತುಂಬ ಖರ್ಜೂರ, ಒಂದರಲ್ಲೂ ಬೀಜವಿರಲಿಲ್ಲ. ಬೆಳಗಿನಿಂದಲೇ ಕೂತು ಬಿಡಿಸಿಟ್ಟಿದ್ದಳು.

ನಿನ್ನ ತಮ್ಮ,
ಹಮೂದ್