ಬಹುವಚನದ ಗಂಡ

ರೀ,

ಆಸ್ಪತ್ರೆಯ ಹೊಲಿಗೆ ಕೆಲಸ ಒಗ್ಗಿದೆ. ಇಲ್ಲಿಯ ಭಾಷೆ ಮಾತ್ರ ನಾಲಿಗೆಗೆ ಹತ್ತುತ್ತಿಲ್ಲ. ನಿನ್ನೆ ಭಾಷೆಯ ಕ್ಲಾಸಿನಲ್ಲಿ ನಿಮ್ಮ ಬಗ್ಗೆ ಹೇಳುವಾಗ, ನಮ್ಮ ಅಭ್ಯಾಸದಂತೆ, ಇವರ ಮಾತಿನಲ್ಲೂ 'ಅವರು' ಎಂದುಬಿಟ್ಟೆ. ಇಲ್ಲಿ ಒಬ್ಬರಿಗೆ ಹಾಗನ್ನುವುದಿಲ್ಲವಂತೆ. "ನಿಮಗೆ ಎಷ್ಟು ಜನ ಗಂಡಂದಿರು?" ಎಂದು ಟೀಚರ್ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ನೆನಪಾಯಿತು. ಏಳನೇ ಕ್ಲಾಸಿನಲ್ಲಿ ನನ್ನ ರಬ್ಬರ್ ಕದ್ದಿದ್ದಕ್ಕೆ ನಿಮ್ಮನ್ನು "ಲೋ ಕಳ್ಳ" ಎಂದು ಶಾಲೆಯ ಅಂಗಳವೆಲ್ಲ ಅಟ್ಟಾಡಿಸಿದ್ದೆ. ಮದುವೆಯ ಮರುದಿನ ಅತ್ತೆ, "ಇನ್ಮೇಲೆ ಲೋ ಗೀ ಅನ್ಬೇಡಮ್ಮ, ರೀ ಅನ್ನು" ಎಂದರು. ಅಂದಿನಿಂದ ಆ ಹುಡುಗನನ್ನು ನಾನು ಕರೆದೇ ಇಲ್ಲ.

ಭಾನುವಾರ ಬರುವಾಗ ನನ್ನ ಹಳೇ ಕತ್ತರಿ ತನ್ನಿ. ಇಲ್ಲಿಯದು ಮೊಂಡು.

ಮರೀಬೇಡ ಕಣೋ, ಕಳ್ಳ.

ನಿನ್ನ
ಪಕ್ಕದ ಬೆಂಚಿನವಳು