ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು

ಮಂಗಳವಾರ, ಕಾರ್ಖಾನೆಯ ಊಟದ ಬಿಡುವಿನಲ್ಲಿ

ಮಹಾಪಂಡಿತನಾದ ನನ್ನ ತಮ್ಮನಿಗೆ,

ಅಕ್ಕನ ಆಶೀರ್ವಾದ. ಸಿಟ್ಟು ಇಳಿದಿಲ್ಲ, ಆದರೂ ಆಶೀರ್ವಾದ.

ಭಾನುವಾರ ನಿನ್ನನ್ನು ಕರೆದದ್ದು ಊಟಕ್ಕೆ, ಭಾಷಣಕ್ಕಲ್ಲ. ವಾರವೆಲ್ಲ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನಿಗೆ ಒಂದು ದಿನವಾದರೂ ಬಾಯಿಗೆ ರಜೆ ಬೇಡವೇ? ಸೈನ್ಯಕ್ಕೆ ಸುರಿದ ದುಡ್ಡಿಗೆ ಸಮಜಾಯಿಷಿ ಕೊಡಲೆಂದೇ ಸರ್ಕಾರಗಳು ಯುದ್ಧ ಹೂಡುತ್ತವೆ ಎಂದೆ ನೀನು. "ಹಾಗಾದ್ರೆ ಗಡೀಲಿ ಮೊದಲು ಗುಂಡು ಹಾರಿಸಿದ್ದು ಯಾರಪ್ಪಾ, ಹಣಕಾಸು ಮಂತ್ರಿನಾ?" ಎಂದರು ನಿನ್ನ ಭಾವ. ನೀನೂ ಬಿಡಲಿಲ್ಲ, ಅವರೂ ಬಿಡಲಿಲ್ಲ. ಇಬ್ಬರ ಕೈಯೂ ತಟ್ಟೆಯಲ್ಲೇ ಒಣಗಿತು. ತಡೆಯಲಾರದೆ ನಾನು "ಎದ್ದು ಹೋಗೋ!" ಎಂದು ಕೂಗಿದೆ. ನೀನು ನಿಜವಾಗಿಯೂ ಎದ್ದು ಹೋದೆ! ಅಕ್ಕ ಬೈದರೆ ಕೂತು ಬೈಸಿಕೊಳ್ಳುವಷ್ಟು ಬುದ್ಧಿಯೂ ಬೇಡವೇನೋ?

ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಬೀಗಬೇಡ. ನಾವಿಲ್ಲಿ ಹೊಲಿಯುವುದು ಸೈನಿಕರ ಅಂಗಿ ಎಂದು ನಿನಗೆ ಗೊತ್ತು. ಗೋದಾಮು ತುಂಬಿದೆ, ತಿಂಗಳ ಕೊನೆಗೆ ನಲವತ್ತು ಹೆಂಗಸರನ್ನು ಮನೆಗೆ ಕಳಿಸುತ್ತೇವೆ ಎಂದು ಮೇಲ್ವಿಚಾರಕರು ಹೇಳಿದ್ದರು. ಆ ಪಟ್ಟಿಯಲ್ಲಿ ನಾನೂ ಇದ್ದೆ. ನಿನಗೆ ಹೇಳಿರಲಿಲ್ಲ. ಗಡಿಯಲ್ಲಿ ಜಗಳ ಹೊತ್ತಿಕೊಂಡ ನಾಲ್ಕನೇ ದಿನ ಅದೇ ಮನುಷ್ಯ ಏದುಸಿರು ಬಿಡುತ್ತ ಬಂದು, "ಯಾರೂ ಹೋಗೋದು ಬೇಡ, ಆರ್ಡರ್ ಎರಡರಷ್ಟಾಗಿದೆ" ಎಂದರು. ಯಂತ್ರಗಳೆಲ್ಲ ನಿಂತವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಕಣೋ, ಪಕ್ಕದವಳು ತಿರುಗಿ ನೋಡುವಷ್ಟು ಜೋರಾಗಿ.

ಯುದ್ಧ ಯಾಕೆ ಶುರುವಾಯಿತೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅದು ಬೇಗ ನಿಲ್ಲದಿರಲಿ ಎಂದು ಆ ದಿನ ಬಯಸಿದವರಲ್ಲಿ ನಾನೊಬ್ಬಳು, ಅಷ್ಟು ಗೊತ್ತು. ಇದನ್ನು ನಿನ್ನ ಪಾಠಕ್ಕೆ ಸೇರಿಸಿದೆಯೋ, ನೋಡು ಮತ್ತೆ.

ಇಷ್ಟು ಬರೆದರೂ ಸಿಟ್ಟು ಹಾಗೇ ಇದೆ.

ನಿನ್ನ
ಅಕ್ಕ

ತಾ.ಕ.: ನಮ್ಮ ನರ್ಸಮ್ಮನಿಗೆ, ಅದೇ ನಿನ್ನ ಮುದ್ದಿನ ಸೋದರಸೊಸೆಗೆ, ಗಡಿಯ ಸೇನಾ ಆಸ್ಪತ್ರೆಯಿಂದ ಶುಕ್ರವಾರವೇ ಕರೆ ಬಂದಿದೆ. ಸರ್ಕಾರದ ಖರ್ಚಿನಲ್ಲಿ ಓದಿದವಳು, ಆಗುವುದಿಲ್ಲ ಎನ್ನುವಂತಿಲ್ಲ. ಭಾನುವಾರ ಆ ವಿಷಯ ಗೊತ್ತಿದ್ದದ್ದು ನನಗೂ ಅವಳಿಗೂ ಮಾತ್ರ. ಊಟವಾದ ಮೇಲೆ ಅಪ್ಪನಿಗೂ ನಿನಗೂ ತಾನೇ ಹೇಳುತ್ತೇನೆ ಎಂದಿದ್ದಳು. ನೀವು ಊಟ ಮುಗಿಸಿದರೆ ತಾನೇ? ಗುರುವಾರ ಬೆಳಿಗ್ಗೆ ಹತ್ತಕ್ಕೆ ರೈಲು. "ಮಾವ ಬರ್ತಾನಾ?" ಎಂದು ಮೂರು ಸಲ ಕೇಳಿದ್ದಾಳೆ. ಬಾಯಿ ಮುಚ್ಚಿಕೊಂಡು ಬಾ. ಅವಳ ಪೆಟ್ಟಿಗೆ ನೀನೇ ಎತ್ತಿಕೊಡಬೇಕು, ನನ್ನ ಕೈಲಿ ಆಗುವುದಿಲ್ಲ.