ನಿಮ್ಮ ಜೇಬಿನ ರಬ್ಬರು

ನನ್ನ ಅಪ್ಪಾಜಿಗೆ,

ನಾನು ಸ್ಕೂಲಿಗೆ ಹೋಗುವ ಕಾಲದಲ್ಲಿ ಕಂಪಾಸ್ ಬಾಕ್ಸಿನ ರಬ್ಬರು ಒಂದು ವಾರ ನೆಟ್ಟಗೆ ಉಳಿದದ್ದಿಲ್ಲ, ನೆನಪಿದೆಯಾ? ಹುಡುಕಿದರೆ ನಿಮ್ಮ ಅಂಗಿ ಜೇಬಿನಲ್ಲಿರುತ್ತಿತ್ತು. ಟೀವಿ ರಿಮೋಟು ಬಿಚ್ಚಿ ಒಳಗೆಲ್ಲ ಉಜ್ಜುತ್ತಾ, "ಇರೇ ಪುಟ್ಟಿ, ಇದು ಕೆಟ್ಟಿಲ್ಲ ಕಣೇ, ಕೊಳೆ ಕೂತೈತೆ ಅಷ್ಟೇ" ಅನ್ನುತ್ತಿದ್ದಿರಿ. ನಾನು ಅಳುತ್ತಾ ಅಮ್ಮನಿಗೆ ದೂರು ಹೇಳುತ್ತಿದ್ದೆ. ಆ ರಬ್ಬರಿನ ಕಥೆ ಹೇಳಲೆಂದೇ ಈ ಕಾಗದ. ಜಂಭ ಕೊಚ್ಚುತ್ತಿದ್ದಾಳೆ ಅನಿಸಿದರೆ ಅನಿಸಲಿ. ನಿಮ್ಮ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಕೊಚ್ಚಲಿ?

ನೀವು ಹೋದ ಮೇಲೆ, ನಿಮ್ಮ ಶಿವಗಣಾರಾಧನೆ ಮುಗಿದ ಮಧ್ಯಾಹ್ನ ತರೀಕೆರೆ ಚಿಕ್ಕಪ್ಪ ಎಲೆಅಡಿಕೆ ಹಾಕಿಕೊಂಡು ಮಾತು ತೆಗೆದರು. "ಅತ್ತಿಗೆ, ಟೀವಿ ರಿಪೇರಿಗೆ ಈಗ ಯಾರ್ ಬತ್ತಾರೆ? ಅಂಗಡಿನ ಬೇಕರಿಯೋರಿಗೆ ಕೊಟ್ಬಿಡಿ. ಹೆಣ್ಮಗು ಸ್ಕ್ರೂಡ್ರೈವರ್ ಹಿಡ್ಕೊಂಡು ಎಷ್ಟ್ ದಿನ ಕೂತ್ಕಂತಾಳೆ?" ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ತಲೆಯಾಡಿಸಿದ್ದು ನೋಡಿಯಂತೂ... "ನಾನು ಕಂಪ್ಯೂಟರ್ ಜೋಡ್ಸಿ ಕೊಡ್ತೀನಿ, ಅಂಗಡಿ ನಂಗಿರ್ಲಿ" ಅಂದೆ. "ಹಂಗಾದ್ರೆ ಒಂದನ್ನ ಮಾಡಿ ತೋರ್ಸು. ಆಗ್ಲಿಲ್ಲ ಅಂದ್ರೆ ಬೇಕರಿಗೇ ಕೊಡೋದು" ಅಂದಳು ಅಮ್ಮ.

ಆ ಮೊದಲ ಆರ್ಡರ್ ಕೊಟ್ಟವರು ನಿಮ್ಮ ಹಳೇ ಗಿರಾಕಿ, ಹಿರೇನಲ್ಲೂರಿನ ಸಿದ್ದರಾಮಣ್ಣ. ಮದುವೆ ವಿಡಿಯೊ ಮಾಡುತ್ತಾರಲ್ಲ, ಅವರೇ. ಬಿಡಿಭಾಗಗಳು ಬಂದ ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಡಬ್ಬಗಳನ್ನೆಲ್ಲ ತೆರೆದು, ಒಂದೊಂದಕ್ಕೂ ವಿಭೂತಿ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿಯಾಗಿತ್ತು. "ರಾಹುಕಾಲಕ್ ಮುಂಚೆ ಆನ್ ಆಗ್ಬೇಕು ಕಣೇ" ಅಂತ ಅವಸರ ಬೇರೆ. ಕಂಡಲ್ಲೆಲ್ಲ ಒರೆಸಿ, ಅಂಗಡಿಗೆ ಒಯ್ದು, ಗಡಿಬಿಡಿಯಲ್ಲೇ ಜೋಡಿಸಿದೆ.

ಸ್ವಿಚ್ ಒತ್ತಿದ ಆ ಗಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಎದುರಿಗೇ ಸಿದ್ದರಾಮಣ್ಣ, ಪಕ್ಕದಲ್ಲಿ ಇದನ್ನು ನೋಡಲೆಂದೇ ಬಂದಿದ್ದ ಚಿಕ್ಕಪ್ಪ. "ಹೊಸಾದೇ ಹಿಂಗಾದ್ರೆ..." ಎಂದು ಚಿಕ್ಕಪ್ಪ ಅರ್ಧಕ್ಕೇ ಬಿಟ್ಟರು. ಮಾನಿಟರ್ ವೈರು ಕಿತ್ತು ಮತ್ತೆ ಹಾಕಿದೆ, ಬೇರೆ ಮಾನಿಟರ್ ಇಟ್ಟು ನೋಡಿದೆ. ಊಹೂಂ. ಆಗ ನಿಮ್ಮ ಸ್ಟೂಲು ಎಳೆದುಕೊಂಡು ಕೂತೆ. ಸತ್ತ ಟೀವಿ ಬಂದರೆ ನೀವೇನು ಮಾಡುತ್ತಿದ್ದಿರಿ? ಬೈಯದೆ, ಬಡಿಯದೆ, ಒಂದೊಂದೇ ಬಿಚ್ಚಿ... ನಾನೂ ಬಿಚ್ಚಿದೆ. ಡಿಸ್ಕು ತೆಗೆದೆ, ಗ್ರಾಫಿಕ್ಸ್ ಕಾರ್ಡು ತೆಗೆದೆ. ಕೊನೆಗೆ ರ‍್ಯಾಮ್, ಅಂದರೆ ಬೋರ್ಡಿಗೆ ಸಿಕ್ಕಿಸುವ ಮೆಮೊರಿ ಪಟ್ಟಿ, ಹೊರಗೆಳೆದು ತಿರುಗಿಸಿದರೆ ಅದರ ಚಿನ್ನದ ಬಣ್ಣದ ಅಂಚಿನುದ್ದಕ್ಕೂ ಬೆಳ್ಳಗೆ ಮೂರು ಬೆರಳಿನ ವಿಭೂತಿ!

"ಅಮ್ಮಾ!" ಎಂದು ಕೂಗಿದೆ. ಬಾಗಿಲಲ್ಲಿ ನಿಂತಿದ್ದವಳು ಮುಖ ಸಣ್ಣಗೆ ಮಾಡಿಕೊಂಡು, "ಹೊಳೀತಿತ್ತಲ್ಲೇ, ಅದೇ ಅದರ ಹಣೆ ಅಂದ್ಕೊಂಡೆ" ಅಂದಳು. ಸಿದ್ದರಾಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ಮೇಜಿನ ಡ್ರಾಯರ್ ಎಳೆದರೆ ಒಂದು ಸವೆದ ರಬ್ಬರು ಸಿಕ್ಕಿತು. ನನ್ನದೇ ಅಲ್ಲವಾ? ಅದರಲ್ಲೇ ಅಂಚು ಉಜ್ಜಿದೆ, ಅದು ಕೂರುವ ಸ್ಲಾಟಿಗೂ ಬ್ರಷ್ ಆಡಿಸಿದೆ, ಟಕ್ಕಂತ ಕೂರಿಸಿ ಸ್ವಿಚ್ ಒತ್ತಿದೆ. ಪರದೆ ಬೆಳಗಿತು ಅಪ್ಪಾಜಿ! ಅಷ್ಟು ಹೊತ್ತಿಗೆ ರಾಹುಕಾಲ ಶುರುವಾಗಿತ್ತು, ಅಮ್ಮ ಮಾತ್ರ ಗಡಿಯಾರ ಬಿಟ್ಟು ಪರದೆಯನ್ನೇ ನೋಡುತ್ತಿದ್ದಳು. "ಥೇಟ್ ಅಪ್ಪನ ಕೈ ಕಣಮ್ಮ ನಿಂದು" ಎಂದರು ಸಿದ್ದರಾಮಣ್ಣ. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ನೀವಿದ್ದು ಅದನ್ನು ಕೇಳಿದ್ದರೆ...

ಇನ್ನು ಆಮೇಲಿನ ಸುದ್ದಿ. ಬೇಕರಿ ಮಾತು ಅಲ್ಲಿಗೇ ಬಿತ್ತು. ಅಜ್ಜಂಪುರದಿಂದಲೂ ಈಗ ಆರ್ಡರ್ ಬರುತ್ತಿವೆ. ನೀವಿದ್ದಾಗ "ಕರೆಂಟ್ ಸಾಮಾನು, ನಂಗ್ ಭಯ" ಎಂದು ಅಂಗಡಿ ಒಳಗೆ ಕಾಲಿಡದ ಅಮ್ಮ ಈಗ ದಿನಾ ಬಂದು ಕೂರುತ್ತಾಳೆ. ವಿಭೂತಿ ಏನಿದ್ದರೂ ಹೊರಗಿನ ಪೆಟ್ಟಿಗೆಗೆ ಮಾತ್ರ. ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದರು, ಅವರ ಮನೆ ಕಂಪ್ಯೂಟರಿನಲ್ಲಿ ಡಿಸ್‌ಪ್ಲೇ ಬರುತ್ತಿಲ್ಲವಂತೆ. ನಾನು ಫೋನಿಗೆ ಕೈಚಾಚುವುದರೊಳಗೆ ಅಮ್ಮನೇ ಶುರು ಮಾಡಿದಳು:

"ಏನಪ್ಪಾ, ಮೊದ್ಲು ರ‍್ಯಾಮ್ ಬಿಚ್ಚಿ ರಬ್ಬರಲ್ಲಿ ಉಜ್ಜಿ ನೋಡು. ಆಗ್ಲಿಲ್ಲ ಅಂದ್ರೆ ಅಂಗಡಿಗೆ ತಗಂಡ್ ಬಾ. ನನ್ ಮಗಳವ್ಳೆ."

ನಿಮ್ಮ ಪುಟ್ಟಿ